ಪಕ್ಕದ ಸೀಟಿನ ಬ್ರೇಕು

ಸಿರುಗುಪ್ಪದಲ್ಲಿ ಕಾರು ಓಡಿಸುವವರನ್ನು ತಡೆದು ಯಾರ ಹತ್ತಿರ ಕಲಿತಿರಿ ಎಂದು ಕೇಳಿದರೆ ಹತ್ತರಲ್ಲಿ ಆರು ಮಂದಿ ಮಾರೆಣ್ಣನ ಹೆಸರು ಹೇಳುತ್ತಾರೆ. ಉಳಿದ ನಾಲ್ವರು ಕಲಿತೇ ಇಲ್ಲ, ಸುಮ್ಮನೆ ಓಡಿಸುತ್ತಾರೆ. ಗಿರಣಿಯ ಯಜಮಾನರು, ಬ್ಯಾಂಕಿನ ಮೇಡಂಗಳು, ಸಾಲಿ ಮಾಸ್ತರರು, ಹೊಸದಾಗಿ ಮದುವೆಯಾಗಿ ಬಂದ ಸೊಸೆಯರು, ಎಲ್ಲರನ್ನೂ ಅವನು ಬಲಗಡೆ ಕೂರಿಸಿ, ತಾನು ಎಡಗಡೆ ಕೂತು, ಇಪ್ಪತ್ತೆಂಟು ವರ್ಷ ರಸ್ತೆಗೆ ಇಳಿಸಿದ್ದಾನೆ. ಸ್ಟೀರಿಂಗ್ ಮುಟ್ಟದೆ ಉಳಿದವಳೆಂದರೆ ಅವನ ಹೆಂಡತಿ ಯಂಕಮ್ಮ ಒಬ್ಬಳೇ.

ಮುಟ್ಟುವ ಆಸೆಯೂ ಅವಳಿಗೆ ಇರಲಿಲ್ಲ. ಅವಳ ಕಾಲಿಗೆ ಬೇರೆಯೇ ಕೆಲಸವಿತ್ತು. ಬಳ್ಳಾರಿಯಿಂದ ಕತ್ತರಿಸಿದ ಜೀನ್ಸ್ ಬಟ್ಟೆ ಗಂಟುಗಂಟಾಗಿ ಬಸ್ಸಿನಲ್ಲಿ ಬರುತ್ತಿತ್ತು. ಪಡಸಾಲೆಯ ಮೋಟರ್ ಮಷಿನ್ ಮುಂದೆ ಕೂತು ಅವಳು ಪ್ಯಾಂಟುಗಳಿಗೆ ಪಕ್ಕದ ಹೊಲಿಗೆ ಹಾಕುತ್ತಿದ್ದಳು. ಆ ಮಷಿನ್ನಿನ ಪೆಡಲ್ ಬಲು ಸೂಕ್ಷ್ಮ. ಹೆಬ್ಬೆರಳು ಒಂಚೂರು ಊರಿದರೆ ಸೂಜಿ ನಿಧಾನಕ್ಕೆ ನಡೆಯುತ್ತದೆ, ಪಾದ ಪೂರ್ತಿ ಊರಿದರೆ ದಡದಡ ಓಡುತ್ತದೆ, ಕಾಲು ತೆಗೆದರೆ ಇದ್ದಲ್ಲೇ ನಿಲ್ಲುತ್ತದೆ. ಇಪ್ಪತ್ತಾರು ವರ್ಷ ಅವಳು ಹಾಗೆ ಹೊಲಿದಿದ್ದಳು. ಬಳ್ಳಾರಿಯ ಅರ್ಧ ಊರು ತನ್ನ ಹೊಲಿಗೆಯೊಳಗೆ ಕಾಲು ತೂರಿಸಿಕೊಂಡು ಓಡಾಡುತ್ತಿದೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದಳು, ಅದು ಪೂರ್ತಿ ಸುಳ್ಳೂ ಅಲ್ಲ.

ಮನೆ ಮುಂದೆ ನಿಲ್ಲುವ ಬೆಳ್ಳಿ ಬಣ್ಣದ ಝೆನ್ ಕಾರನ್ನು ಅವಳು ಕರೆಯುತ್ತಿದ್ದದ್ದು ‘ನಮ್ಮ ಸವತಿ’ ಎಂದು. ಸವತಿಯರ ಸಾಲಿನಲ್ಲಿ ಅದು ಎರಡನೆಯದು. ಮೊದಲನೆಯವಳ ಕತೆ ಮದುವೆಯಾದ ಹೊಸತರಲ್ಲೇ ಶುರುವಾಗಿತ್ತು. ಆಗ ಮಾರೆಣ್ಣ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಿದ್ದ. ಗಿರಣಿಯ ಯಜಮಾನ ದೊಡ್ಡಬಸಪ್ಪನವರು ಕೆಂಪು ಬಣ್ಣದ ಮಾರುತಿ ಎಂಟುನೂರು ಕೊಂಡರು. ಅದನ್ನು ಬಳ್ಳಾರಿಯಿಂದ ತರಲು ಮಾರೆಣ್ಣನನ್ನು ಕಳಿಸಿದರು. ಸಂಜೆ ಮನೆಗೆ ಬಂದವನು ಕೈಕಾಲು ಕೂಡ ತೊಳೆಯದೆ ಕಟ್ಟೆಯ ಮೇಲೆ ಕೂತು ಒಬ್ಬನೇ ನಗತೊಡಗಿದ. ಕುಡಿದು ಬಂದನೇನೋ ಎಂದು ಯಂಕಮ್ಮ ಹತ್ತಿರ ಹೋಗಿ ಮೂಸಿ ನೋಡಿದಳು. ವಾಸನೆ ಇರಲಿಲ್ಲ.

“ಲಾರಿ ತಿರುಗ್ಸಾಕ ಹೆಗಲು ಬೇಕು ಯಂಕೀ. ಇದು ಎರಡು ಬೆರಳಿಗೆ ತಿರುಗತೈತಿ,” ಎಂದ. “ಬ್ಯಾರೆ ಗಾಡಿ ಓಡತಾವು, ಇದು ಆಡತೈತಿ.”

ಅಲ್ಲಿಯತನಕ ಕಾರು ಎಂದರೆ ಹಿಂದಿನ ಸೀಟಿನಲ್ಲಿ ದೊಡ್ಡವರು ಕೂರುವ ವಸ್ತು, ಮುಂದೆ ಕೂತವನು ಡ್ರೈವರ್. ಈ ಪುಟ್ಟ ಕಾರಿನಲ್ಲಿ ಮಾತ್ರ ಹಿಂದೆ ಕೂತರೆ ಮೊಣಕಾಲು ಮಡಚಬೇಕು, ಓಡಿಸುವವನಿಗೇ ಒಳ್ಳೆಯ ಜಾಗ. ದೊಡ್ಡಬಸಪ್ಪನವರು ಕೂಡ ಒಂದೇ ವಾರದಲ್ಲಿ ಮುಂದೆ ಬಂದು ಕೂತು, ನನಗೂ ಕಲಿಸೋ ಎಂದರಂತೆ. ಅವರೇ ಮಾರೆಣ್ಣನ ಮೊದಲ ಶಿಷ್ಯ. ಆರೇಳು ವರ್ಷ ಕಳೆದ ಮೇಲೆ ಅದೇ ಕೆಂಪು ಕಾರನ್ನು ಅವರು ಮಾರೆಣ್ಣನಿಗೇ ಬಿಟ್ಟುಕೊಟ್ಟರು. ಲಾರಿ ಕ್ಲೀನರನ ಮಗ ಕಾರಿನ ಒಡೆಯನಾದ. ಅದರ ಎಡಗಡೆಗೂ ಒಂದು ಕ್ಲಚ್, ಒಂದು ಬ್ರೇಕ್ ಕೂರಿಸಿ, ಡ್ರೈವಿಂಗ್ ಸ್ಕೂಲಿನ ಬೋರ್ಡು ಬರೆಸಿದ. ಅದು ಸವೆದ ಮೇಲೆ ಬಂದದ್ದು ಈ ಝೆನ್.

ಇಷ್ಟೆಲ್ಲ ಆಡಿದ ಗಾಡಿಗೆ ಕಳೆದ ವರ್ಷ ಕುತ್ತು ಬಂತು. ಮಾರೆಣ್ಣನ ಸಕ್ಕರೆ ಕಾಯಿಲೆ ಕಣ್ಣಿಗೆ ಏರಿತ್ತು. ಬಲಗಣ್ಣು ಹೋದ ಹಾಗೆಯೇ. ಎಡಗಣ್ಣಿಗೆ ಹಗಲು ಹೊತ್ತಿನಲ್ಲಿ ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕು. ತಿಂಗಳಿಗೊಮ್ಮೆ ಬಳ್ಳಾರಿಗೆ ಹೋಗಿ ಕಣ್ಣಿಗೆ ಸೂಜಿ ಹಾಕಿಸಿಕೊಳ್ಳಬೇಕು, ಇನ್ನು ಗಾಡಿ ಓಡಿಸುವ ಮಾತು ಮರೆಯಬೇಕು ಎಂದರು ಡಾಕ್ಟರು. ಮಾರೆಣ್ಣ ಸ್ಕೂಲಿನ ಬೋರ್ಡು ಇಳಿಸಿ ಗೋಡೆಗೆ ಮುಖ ಮಾಡಿಸಿ ಇಟ್ಟ. ಬೆಳಿಗ್ಗೆ ಎದ್ದು ಗಾಡಿ ಒರೆಸುವುದನ್ನು ಮಾತ್ರ ಬಿಡಲಿಲ್ಲ. ಒರೆಸಿ, ಒಳಗೆ ಹೋಗಿ ಅರ್ಧ ಗಂಟೆ ಸುಮ್ಮನೆ ಕೂತು, ಇಳಿದು ಬರುತ್ತಿದ್ದ.

ಮಗಳು ಹೇಮಾ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ನರ್ಸು, ಮನೆ ಕೌಲ್ ಬಜಾರಿನಲ್ಲಿ. ಅವಳದು ಲೆಕ್ಕಾಚಾರದ ಮಾತು. ಒಂದು ಭಾನುವಾರ ಊರಿಗೆ ಬಂದವಳು ಊಟಕ್ಕೆ ಕೂತಿದ್ದ ಅಪ್ಪನಿಗೆ ಹೇಳಿದಳು: “ಅಪ್ಪಾ, ಓಡ್ಸೋರಿಲ್ಲದ ಗಾಡಿ ನಿಂತ್ರ ತುಕ್ಕು ಹಿಡಿತೈತಿ. ಅಲ್ಲಿ ನಮ್ಮ ಓಣ್ಯಾಗ ಒಬ್ಬ ಮೆಕ್ಯಾನಿಕ್ ಅದಾನ, ಬಿಚ್ಚಿ ಸಾಮಾನು ಮಾಡ್ಕೊಂತಾನಂತ. ಕೊಟ್ಟುಬಿಡು.”

ಬಿಚ್ಚುವುದು ಎಂಬ ಮಾತು ಕೇಳಿ ಮಾರೆಣ್ಣ ಊಟ ಬಿಟ್ಟು ಎದ್ದ. ತಟ್ಟೆ ಹಾಗೇ ಉಳಿಯಿತು. ಮಷಿನ್ ಮುಂದೆ ಕೂತಿದ್ದ ಯಂಕಮ್ಮ ಅದನ್ನು ನೋಡಿ ಹೊಲಿಗೆ ನಿಲ್ಲಿಸಿದಳು. ಸವತಿಯರೇ ಇರಲಿ, ಈ ಮನುಷ್ಯನನ್ನು ಮೂವತ್ತೈದು ವರ್ಷ ನಗಿಸಿದ್ದಾರೆ. ಯೋಚನೆ ಮಾಡುವ ಮೊದಲೇ ಬಾಯಿಂದ ಮಾತು ಬಿದ್ದುಹೋಯಿತು: “ಯಾಕ ಬಿಚ್ಚಬೇಕು? ನಾ ಕಲಿತೀನಿ.”

ಐವತ್ತನಾಲ್ಕನೆಯ ವಯಸ್ಸಿನಲ್ಲಿ ಯಂಕಮ್ಮನಿಗೆ ಕಲಿಯುವವರ ಲೈಸೆನ್ಸ್ ಬಂತು. ಮೊದಲ ಪಾಠದ ದಿನ ಮಾರೆಣ್ಣ ಇಂಜಿನ್ ಹಚ್ಚಗೊಡಲಿಲ್ಲ. ಎಲ್ಲ ಶಿಷ್ಯರಿಗೂ ಹೇಳುವ ಕತೆಯನ್ನು ಅವಳಿಗೂ ಹೇಳಿದ. ಎಂದೋ ಒಂದು ಷೋರೂಮಿನಲ್ಲಿ ಕೊಟ್ಟ ಪುಸ್ತಕದಲ್ಲಿ ಓದಿಕೊಂಡಿದ್ದ ಕತೆ.

“ಜಪಾನಿನಾಗ ಸುಜುಕಿ ಅಂತ ಒಬ್ಬ ಬಡಗಿ ಇದ್ದ. ಅವರ ಅವ್ವ ಬಟ್ಟಿ ನೇಯಾಕಿ. ಅಕಿ ಕಷ್ಟ ನೋಡಲಾರದ ಅವ ಒಂದು ಕಟಿಗಿ ಮಗ್ಗ ಮಾಡಿಕೊಟ್ಟ, ಕಾಲಾಗ ತುಳಿಯೋ ಮಗ್ಗ. ಅದು ಎಷ್ಟು ಚಲೋ ನಡೀತು ಅಂದ್ರ ಊರ ಮಂದೆಲ್ಲ ನಮಗೂ ಮಾಡಿಕೊಡು ಅಂದ್ರು. ಹಂಗ ಹುಟ್ಟಿದ್ದು ಕಂಪನಿ. ನಲವತ್ತು ವರ್ಷ ಬರೇ ಮಗ್ಗಾನ ಮಾಡಿದ್ರು. ಮುಂದ ಯುದ್ಧ ಮುಗುದು, ನೂಲಿನ ಯಾಪಾರ ಬಿತ್ತು. ಆಗ ಸೈಕಲ್ಲಿಗೆ ಒಂದು ಇಂಜಿನ್ ಕಟ್ಟಿದ್ರು. ಆಮ್ಯಾಲೆ ಸಣ್ಣ ಕಾರು. ಎಂಬತ್ಮೂರನೇ ಇಸ್ವಿಗೆ ಅದು ಮಾರುತಿ ಆಗಿ ನಮ್ಮ ದೇಶಕ್ಕ ಬಂತು.”

“ಮಗ್ಗದೋರ ಗಾಡಿ ಅನ್ರಿ,” ಎಂದಳು ಯಂಕಮ್ಮ. ಹೊಲಿಯುವವಳಿಗೆ ಆ ಕತೆ ಎಲ್ಲರಿಗಿಂತ ಹೆಚ್ಚು ಹಿಡಿಸಿತು. ಅವ್ವನ ಕಾಲು ನೋಯಬಾರದು ಎಂದು ಮಾಡಿದ ಪೆಡಲ್ಲು ಎಂದರೆ ತನಗೂ ಒಗ್ಗೀತು ಎಂದು ಧೈರ್ಯ ಬಂತು.

ಒಗ್ಗಿಯೂ ಒಗ್ಗಿತು. ಪೆಡಲ್ಲನ್ನು ಅರ್ಧಕ್ಕೇ ತಡೆದು ನಿಲ್ಲಿಸುವ ಹಾಫ್ ಕ್ಲಚ್ ಎನ್ನುವುದನ್ನು ಹಿಡಿಯಲು ಬ್ಯಾಂಕಿನ ಮೇಡಂಗಳಿಗೆ ಹದಿನೈದು ದಿನ ಬೇಕಾಗುತ್ತಿತ್ತು, ಯಂಕಮ್ಮ ಎರಡನೇ ದಿನಕ್ಕೇ ಹಿಡಿದಳು. ಹೆಬ್ಬೆರಳಿನ ತುದಿಯಲ್ಲಿ ಸೂಜಿ ನಡೆಸಿದವಳಿಗೆ ಅದೇನು ದೊಡ್ಡ ವಿದ್ಯೆ! ಕಾಲುವೆ ಪಕ್ಕದ ರಸ್ತೆಯಲ್ಲಿ ಭತ್ತದ ಗದ್ದೆಗಳ ನಡುವೆ ಝೆನ್ ಸುಯ್ಯನೆ ಹೋಗುತ್ತಿತ್ತು. ಎಮ್ಮೆ ಅಡ್ಡ ಬಂದರೆ ಅವಳು ಕಾಲು ತೆಗೆಯುತ್ತಿದ್ದಳು, ಗಾಡಿ ಮೆಲ್ಲಗೆ ನಿಲ್ಲುತ್ತಿತ್ತು. ಬಸ್ ಬಂದರೆ ಕಾಲು ತೆಗೆಯುತ್ತಿದ್ದಳು, ಗಾಡಿ ನಿಲ್ಲುತ್ತಿತ್ತು. ಎರಡನೇ ವಾರಕ್ಕೆ ಮೂರನೇ ಗೇರಿನಲ್ಲಿ ತಿರುವು ತೆಗೆದುಕೊಂಡಾಗ ಅವಳಿಗೂ ತಡೆಯಲಾರದ ನಗು ಬಂತು. ಗಂಡ ಮೂವತ್ತೈದು ವರ್ಷ ಯಾಕೆ ಮರುಳಾಗಿದ್ದನೆಂದು ತಿಳಿಯಿತು. ಇಷ್ಟು ಸಣ್ಣ ಗಾಡಿ ಹೇಳಿದ ಮಾತು ಇಷ್ಟು ಚೆನ್ನಾಗಿ ಕೇಳುತ್ತದಲ್ಲ!

“ನಾಕು ಸಾವಿರ ಮಂದಿಗೆ ಕಲಿಸೀನಿ. ನಿನ್ನಂಥ ಕಾಲು ನೋಡಿಲ್ಲ,” ಎಂದ ಮಾರೆಣ್ಣ. ಅವಳು ಆ ದಿನ ರೊಟ್ಟಿಗೆ ಎಣ್ಣೆಗಾಯಿ ಮಾಡಿದಳು.

ಪರೀಕ್ಷೆ ಬಳ್ಳಾರಿಯಲ್ಲಿ, ಶುಕ್ರವಾರ. ಅದಕ್ಕೆ ಹತ್ತು ದಿನ ಮುಂಚೆ ಏರು ಹತ್ತುವುದನ್ನು ರೂಢಿ ಮಾಡಲು ಇಬ್ಬರೂ ಕುರುಗೋಡಿಗೆ ಹೋದರು. ಸಿರುಗುಪ್ಪದ ನೆಲ ಚಪ್ಪಟೆ, ಏರು ಬೇಕೆಂದರೆ ಕುರುಗೋಡಿನ ಗುಡ್ಡದ ಬುಡವೇ ಆಗಬೇಕು. ಅಲ್ಲಿ ಯಂಕಮ್ಮನ ಅಕ್ಕ ಪಕ್ಕೀರಮ್ಮನ ಮನೆ. ಏರು ಹತ್ತಿ ಇಳಿದು, ಅಕ್ಕನ ಮನೆಯಲ್ಲಿ ಚಹಾ ಕುಡಿದರು. ತಂಗಿ ಗಾಡಿ ಹೊಡೆಯುತ್ತಾಳೆಂದು ಕೇಳಿ ಪಕ್ಕೀರಮ್ಮ ಹಿಗ್ಗಿಹೋದಳು.

“ನನ್ನ ಕುಂದ್ರಿಸ್ಕೊಂಡು ಓಣಿ ತುದಿ ಮಟ ಹೋಗಿ ಬಾ. ಆ ವಿಜಯಲಕ್ಷ್ಮಿ ನೋಡ್ಲಿ,” ಎಂದಳು. ವಿಜಯಲಕ್ಷ್ಮಿ ಎಂದರೆ ಎದುರು ಮನೆಯವಳು, ಅವಳ ಅಳಿಯನ ಹತ್ತಿರ ಕಾರಿತ್ತು. ಪಕ್ಕೀರಮ್ಮನ ಮಂಡಿ ಮಡಚುತ್ತಿರಲಿಲ್ಲ, ಹಾಗಾಗಿ ಮುಂದಿನ ಸೀಟು ಅವಳಿಗೆ. ದೊಡ್ಡಾಕಿಗೆ ಇಲ್ಲ ಎನ್ನಲಾಗದೆ, ಓಣಿಯೊಳಗೆ ತಾನೇ ಎಂದುಕೊಂಡು ಮಾರೆಣ್ಣ ಹಿಂದೆ ಹೋಗಿ ಕೂತ.

ಓಣಿಯ ತುದಿಯಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಅದೂ ಪಕ್ಕೀರಮ್ಮನದೇ. ಕೆಂಪಗೆ ನಾಲ್ಕು ಮಂಚದಷ್ಟು ಅಗಲಕ್ಕೆ ಹರಡಿತ್ತು. ಯಂಕಮ್ಮ ಎರಡನೇ ಗೇರಿನಲ್ಲಿ ಗತ್ತಿನಿಂದ ಹೋದಳು, ವಿಜಯಲಕ್ಷ್ಮಿಯ ಬಾಗಿಲ ಮುಂದೆ ಒಂದು ಹಾರನ್ನನ್ನೂ ಹೊಡೆದಳು, ಮೆಣಸಿನಕಾಯಿ ಹತ್ತಿರವಾದಾಗ ಕಾಲು ತೆಗೆದಳು. ಗಾಡಿ ನಿಲ್ಲಲಿಲ್ಲ. ಅವಳು ಎರಡೂ ಪಾದ ಎತ್ತಿಹಿಡಿದಳು. ಗಾಡಿ ಹೋಗುತ್ತಲೇ ಇತ್ತು. ಹಿಂದಿನಿಂದ ಮಾರೆಣ್ಣ ಬ್ರೇಕ್ ಬ್ರೇಕ್ ಎಂದು ಕೂಗುವಷ್ಟರಲ್ಲಿ ಝೆನ್ ಮೆಣಸಿನಕಾಯಿಯನ್ನು ಚರಚರ ಅರೆಯುತ್ತ ನಡುವಿನತನಕ ಹೋಗಿ, ಉಸಿರುಗಟ್ಟಿ, ನಡುಗಿ ನಿಂತುಹೋಯಿತು.

ಯಾರಿಗೂ ಏನೂ ಆಗಲಿಲ್ಲ, ಘಾಟೊಂದು ಎದ್ದಿತು. ಪಕ್ಕೀರಮ್ಮ ಸೀನಿದಳು, ಯಂಕಮ್ಮ ಕೆಮ್ಮಿದಳು, ವಿಜಯಲಕ್ಷ್ಮಿ ಸೆರಗು ಮೂಗಿಗೆ ಹಿಡಿದು ಓಡಿಬಂದು ತಾನೂ ಕೆಮ್ಮಿದಳು, ಓಣಿಯ ನಾಯಿಗಳು ಕೂಡ ಸೀನಿದವು. ಕಣ್ಣೀರು ಒರೆಸಿಕೊಳ್ಳುತ್ತ ಪಕ್ಕೀರಮ್ಮ ತೀರ್ಪು ಕೊಟ್ಟಳು: “ಬ್ರೇಕ್ ಫೇಲ್! ಹಳೇ ಡಬ್ಬಿ. ಇದನ್ನ ಗುಜರಿಗಿ ಹಾಕ್ರಿ, ನನ್ನ ತಂಗೀನ ಕೊಲ್ಲತೀರಿ.” ಅಷ್ಟಕ್ಕೆ ಬಿಡದೆ ಬಳ್ಳಾರಿಗೆ ಫೋನನ್ನೂ ಹಚ್ಚಿದಳು. ಹೇಮಾ ಆ ಕಡೆಯಿಂದ ಒಂದೇ ಮಾತು ಹೇಳಿದಳು, ಬರುವ ಭಾನುವಾರ ಅಲ್ಲ, ಅದರ ಮುಂದಿನ ಭಾನುವಾರ ಮೆಕ್ಯಾನಿಕ್ಕನನ್ನು ಕರೆದುಕೊಂಡು ಬರುತ್ತೇನೆ ಎಂದು.

ಮಾರೆಣ್ಣ ಬಾಗಿಲು ತೆಗೆದು ಬಲಗಡೆ ಕೂತು ಬ್ರೇಕ್ ಒತ್ತಿದ. ಗಟ್ಟಿಯಿತ್ತು. ಇಂಜಿನ್ ಹಚ್ಚಿ, ನಾಲ್ಕು ಮಾರು ಹಿಂದೆ ಸರಿಸಿ, ಮತ್ತೆ ಒತ್ತಿದ. ಗಾಡಿ ಟಕ್ಕನೆ ನಿಂತಿತು. ಇಳಿದು ಬಂದಾಗ ಅವನ ಮುಖ ಸಪ್ಪಗಾಗಿತ್ತು. ಯಂಕಮ್ಮನಿಗೆ ಮತ್ತೆ ಸ್ಟೀರಿಂಗ್ ಮುಟ್ಟುವ ಧೈರ್ಯ ಬರಲಿಲ್ಲ. ಗಾಡಿಯನ್ನು ಅಕ್ಕನ ಮನೆ ಮುಂದೆ ಬಿಟ್ಟು ಇಬ್ಬರೂ ಬಸ್ ಹತ್ತಿದರು.

ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಯಂಕಮ್ಮ ಅವಮಾನದಲ್ಲಿ ತಲೆ ಬಗ್ಗಿಸಿ ಕೂತಿದ್ದಳು. ತಲೆ ಬಗ್ಗಿಸಿದ್ದರಿಂದಲೇ ಅದು ಅವಳ ಕಣ್ಣಿಗೆ ಬಿತ್ತು. ಬಸ್ಸಿನ ತಗಡಿನ ಮೇಲೆ ಮಾರೆಣ್ಣನ ಬಲಗಾಲು ತನ್ನಷ್ಟಕ್ಕೆ ತಾನೇ ಮುಂದೆ ಸರಿದು ಒತ್ತುತ್ತಿತ್ತು. ಮುಂದೆ ಟ್ರ್ಯಾಕ್ಟರ್ ಬಂದಾಗ ಒತ್ತಿತು, ಆಮೇಲೆ ಬಸ್ ನಿಧಾನವಾಯಿತು. ಕಾಲುವೆಯ ಸೇತುವೆ ಬಂದಾಗ ಒತ್ತಿತು. ಸ್ಟಾಪಿನಲ್ಲಿ ಹೆಂಗಸರು ಕೈ ಮಾಡಿದಾಗ ಒತ್ತಿತು. ಕಣ್ಣು ಮಸುಕಾದ ಮನುಷ್ಯ ಇಂಜಿನ್ನಿನ ಸದ್ದು ಕೇಳಿಯೇ ಒತ್ತುತ್ತಿದ್ದ. ಒತ್ತುತ್ತಿರುವುದು ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ಅವಳು ಬಹಳ ಹೊತ್ತು ಆ ಕಾಲನ್ನೇ ನೋಡಿದಳು.

“ನೀ ಬ್ರೇಕ್ ಒತ್ತಿದ್ಯೇನು?” ಎಂದು ಮಾರೆಣ್ಣ ಮೆಲ್ಲಗೆ ಕೇಳಿದ.

“ಕಾಲು ತಗದೆ.”

“ತಗದ್ರ ನಿಲ್ಲಾದು ನಿನ್ನ ಮಷಿನ್ನು ಯಂಕೀ. ಗಾಡಿ ಅಲ್ಲ.”

“ಇಷ್ಟು ದಿನ ನಿಂತಿತ್ತಲ್ಲ?”

ಮಾರೆಣ್ಣ ಕಿಟಕಿಯ ಕಡೆ ತಿರುಗಿದ. ಅವನಿಗೂ ಅಷ್ಟೊತ್ತಿಗೆ ಎಲ್ಲ ತಿಳಿದುಹೋಗಿತ್ತು. ಅವಳು ಕಾಲು ತೆಗೆದಾಗಲೆಲ್ಲ ಎಡಗಡೆಯ ಬ್ರೇಕನ್ನು ಒತ್ತಿದ್ದು ಅವನ ಪಾದ. ಇಪ್ಪತ್ತೆಂಟು ವರ್ಷದ ರೂಢಿಯಲ್ಲಿ ಪಾದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹೆಂಡತಿ ಪಕ್ಕದಲ್ಲಿ ಕೂತಾಗಂತೂ ಅಂಜಿಕೆ ಹೆಚ್ಚಾಗಿ ಅದು ಇನ್ನಷ್ಟು ಬೇಗ ಒತ್ತುತ್ತಿತ್ತು. ಅವಳು ಗಾಡಿಯೂ ತನ್ನ ಮಷಿನ್ನಿನ ಹಾಗೆ ಎಂದು ನಂಬಿದಳು, ಅವನು ಹೆಂಡತಿ ಚೆನ್ನಾಗಿ ಕಲಿತಳೆಂದು ನಂಬಿದ.

“ಬರೇ ನನಗೋ? ಎಲ್ಲಾರಿಗೂ ಹಿಂಗೋ?” ಎಂದು ಕೇಳಿದಳು.

“ಎಲ್ಲಾರೂ ಸ್ವಲ್ಪ ಸ್ವಲ್ಪ,” ಎಂದ ಮಾರೆಣ್ಣ, ಕಳವು ಒಪ್ಪಿಕೊಂಡವನ ದನಿಯಲ್ಲಿ. “ಪರೀಕ್ಷೆ ದಿನಾನೂ ನಾನು ಪಕ್ಕದಾಗ ಕುಂತಿರತಿದ್ನೆಲ್ಲ, ಅಂಜಿದೋರಿಗೆ ಒಂಚೂರು... ಮುಂದ ಅವರು ತಮ್ಮಷ್ಟಕ್ಕ ತಾವು ಕಲಿತಾರ ಬಿಡು.”

ಸಿಟ್ಟು ಬಂದರೆ ಯಂಕಮ್ಮನ ಬಾಯಲ್ಲಿ ನೀವು ಹೋಗಿ ನೀನು ಬರುತ್ತಿತ್ತು. “ಹಂಗಾರ ನಾ ಒಂದಿನಾನೂ ಗಾಡಿ ಹೊಡೆದಿಲ್ಲ. ನೀನ ಹೊಡೆದಿ. ನಾನು ಸುಮ್ಮ ಚಕ್ರ ಹಿಡ್ಕೊಂಡು ಕುಂತಿದ್ದೆ, ಜಾತ್ರ್ಯಾಗ ಹುಡುಗ್ರು ಕುಂದ್ರತಾವಲ್ಲ ಹಂಗ.” ಬಸ್ಸಿನಲ್ಲಿ ಎಂದೂ ಅತ್ತವಳಲ್ಲ, ಅವತ್ತು ಅತ್ತಳು. ಆ ತಿರುವಿನಲ್ಲಿ ತಾನು ನಕ್ಕದ್ದು ನೆನಪಾಗಿ ನಾಚಿಕೆಯಾಯಿತು. ಅದೂ ಅವನ ಕಾಲಿನದೇ ಇದ್ದೀತು.

ಎರಡು ದಿನ ಮನೆಯಲ್ಲಿ ಮಷಿನ್ನಿನ ಸದ್ದು ಬಿಟ್ಟರೆ ಮಾತಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಮಾರೆಣ್ಣ ಚಹಾ ಲೋಟ ಹಿಡಿದು ಪಡಸಾಲೆಗೆ ಬಂದಾಗ ಮಷಿನ್ನಿನ ಸದ್ದಿನ ನಡುವೆ ಇನ್ನೊಂದು ಸದ್ದು ಕೇಳಿಸಿತು. ಹೊಲಿಗೆ ದಡದಡ ಓಡಿ ನಿಂತ ಕೂಡಲೇ ಟಪ್ ಎನ್ನುವುದು. ಮತ್ತೆ ದಡದಡ, ಮತ್ತೆ ಟಪ್.

“ಅದೇನು?” ಎಂದು ಕೇಳಿದ.

“ಇಟ್ಟಂಗಿ,” ಎಂದಳು ಯಂಕಮ್ಮ, ತಲೆ ಎತ್ತದೆ. ಪೆಡಲ್ಲಿನ ಎಡಗಡೆಗೆ, ಗಾಡಿಯಲ್ಲಿ ಬ್ರೇಕ್ ಇರುವ ಜಾಗದಲ್ಲಿ, ಒಂದು ಇಟ್ಟಿಗೆ ಇಟ್ಟುಕೊಂಡಿದ್ದಳು. ಪ್ರತಿ ಹೊಲಿಗೆ ಮುಗಿದ ಕೂಡಲೇ ಬಲಗಾಲನ್ನು ಎತ್ತಿ, ಎಡಕ್ಕೆ ಸರಿಸಿ, ಇಟ್ಟಿಗೆಯನ್ನು ಒತ್ತುವುದು. ಒಂದು ಪ್ಯಾಂಟಿಗೆ ಎರಡು ಹೊಲಿಗೆ, ದಿನಕ್ಕೆ ನೂರೈವತ್ತು ಪ್ಯಾಂಟು. ರಸ್ತೆಯ ಮೇಲೆ ಅಷ್ಟು ಸಲ ಬ್ರೇಕ್ ಒತ್ತಬೇಕೆಂದರೆ ಮದ್ರಾಸಿಗೆ ಹೋಗಿ ಬರಬೇಕು.

ಮಾರೆಣ್ಣ ಲೋಟ ಕೆಳಗಿಟ್ಟು, ಅವಳ ಕಾಲ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಎಡಗಣ್ಣನ್ನು ಹತ್ತಿರ ತಂದು ಆ ಪಾದವನ್ನೇ ನೋಡಿದ. ತನ್ನ ಯಾವ ಪಾಠದಲ್ಲೂ ಇಲ್ಲದ ಪಾಠ ಅದು. “ಹಿಮ್ಮಡಿ ನೆಲಕ್ಕ ಊರು,” ಎಂದ. “ಎತ್ತಬ್ಯಾಡ. ಹಿಮ್ಮಡಿ ಅಲ್ಲೇ ಇರಲಿ, ಪಂಜ ಅಷ್ಟ ತಿರುಗ್ಸು.” ಅವಳು ಹಾಗೇ ಮಾಡಿದಳು. ಟಪ್ ಸದ್ದು ಮೆತ್ತಗಾಯಿತು. ಅವರ ಜಗಳ ಮುಗಿದದ್ದು ಹೀಗೆ.

ಹೇಮಾಳಿಗೆ ಯಂಕಮ್ಮನೇ ಫೋನ್ ಮಾಡಿದಳು. “ಬ್ರೇಕ್ ಚಲೋ ಐತಿ. ತಪ್ಪು ಕಾಲಿಂದು, ನಂದೂ ನಿಮ್ಮಪ್ಪಂದೂ. ಶುಕ್ರವಾರ ಪರೀಕ್ಷೆ. ಪಾಸಾದ್ರ ಗಾಡಿ ನಮ್ಮ ಮನಿ ಮುಂದ ಇರತೈತಿ. ಫೇಲಾದ್ರ ಭಾನುವಾರ ನಿನ್ನ ಮೆಕ್ಯಾನಿಕ್ಕಗ ನಾನ ಕೀಲಿ ಕೊಡತೀನಿ. ಅಲ್ಲೀತನ ಬಾಯಿ ಮುಚ್ಕೊಂಡು ಇರು.”

ಮರುದಿನ ಬಸ್ಸಿನಲ್ಲಿ ಕುರುಗೋಡಿಗೆ ಹೋಗಿ, ಅರೆದ ಮೆಣಸಿನಕಾಯಿಯನ್ನು ಪುಡಿ ಮಾಡಿಸಿ ಡಬ್ಬಿ ತುಂಬಿಕೊಂಡಿದ್ದ ಅಕ್ಕನಿಂದ ನಾಲ್ಕು ಮಾತು ಅನ್ನಿಸಿಕೊಂಡು, ಯಂಕಮ್ಮ ಗಾಡಿ ಹೊರತೆಗೆದಳು. ಮಾರೆಣ್ಣ ಎಡಗಡೆ ಕೂತು, ತನ್ನ ಬಲಗಾಲನ್ನು ಎಡಗಾಲಿನ ಹಿಂದೆ ಸಿಕ್ಕಿಸಿಕೊಂಡ. ಆದರೂ ಎರಡು ಸಲ ಅದು ತಪ್ಪಿಸಿಕೊಂಡು ಹೋಗಿ ಒತ್ತಿತು. ಎರಡು ಸಲವೂ ಯಂಕಮ್ಮ ಗಾಡಿ ನಿಲ್ಲಿಸಿ ಅವನನ್ನು ದಿಟ್ಟಿಸಿದಳು. “ನನ್ನ ಮಾತು ಕೇಳಾದಿಲ್ಲ ಇದು,” ಎಂದ ಅವನು, ತನ್ನದೇ ಕಾಲಿನ ಮೇಲೆ ಚಾಡಿ ಹೇಳುತ್ತ.

ಗುರುವಾರ ಸಂಜೆ ಗಾಡಿ ಒರೆಸುತ್ತಿದ್ದ ಮಾರೆಣ್ಣ ಬೆನ್ನು ತಿರುಗಿಸಿಕೊಂಡೇ ಹೇಳಿದ: “ನಾಳೆ ಏರಿನಾಗ ಒಂಚೂರು ಹಿಂದಕ್ಕ ಜಾರಿದ್ರೂ ಫೇಲ್ ಮಾಡತಾರ. ನೀ ಅಂಜಬ್ಯಾಡ. ನಾ ಪಕ್ಕದಾಗ ಇರತೀನಿ.”

ಆ ಮಾತಿನ ಅರ್ಥ ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು. ಅವನ ಕಾಲು ಸಾವಿರಾರು ಸಲ ಪಾಸಾಗಿದೆ, ಇನ್ನೊಂದು ಸಲ ಪಾಸಾಗುವುದು ಅದಕ್ಕೆ ಕಷ್ಟವಲ್ಲ. ಗಾಡಿಯೂ ಉಳಿಯುತ್ತದೆ. ಅವಳಿಗೂ ಒಂದು ಕ್ಷಣ ಆಸೆಯಾಯಿತು, ಸುಳ್ಳು ಯಾಕೆ.

“ಆಮ್ಯಾಲೆ ನಿಮಗ ಕಣ್ಣು ಇನ್ನಷ್ಟು ಮಂಜಾದ್ರ?” ಎಂದಳು. “ಆವಾಗ ಏನು ನೋಡಿ ಒತ್ತತೀರಿ? ನಾನ ಒತ್ತಬೇಕು. ನನಗ ಬರತೈತೋ ಇಲ್ಲೋ ನಾಳೆ ಗೊತ್ತಾಗಲಿ.”

ಮಾರೆಣ್ಣ ಬಟ್ಟೆ ಹಿಂಡಿ ಗಾಡಿಯ ಮೂತಿಯ ಮೇಲೆ ಒಣಹಾಕಿದ.

ಬಳ್ಳಾರಿಯ ಪರೀಕ್ಷೆಯ ಮೈದಾನದಲ್ಲಿ ಬಿಸಿಲು ಆಗಲೇ ಏರಿತ್ತು. ಇನ್ಸ್‌ಪೆಕ್ಟರು ವಯಸ್ಸಿನಲ್ಲಿ ಹೇಮಾಳಿಗಿಂತ ಚಿಕ್ಕವರು. ನೀವು ಇಲ್ಲೇ ನಿಂದ್ರಿ ಎಂದು ಯಂಕಮ್ಮ ಗಂಡನಿಗೆ ಹೇಳುವ ಮೊದಲೇ ಅವರು, “ಸ್ಕೂಲ್ ಗಾಡಿ ಅಲ್ವಾ? ಮಾಸ್ಟರು ಪಕ್ಕದಲ್ಲಿ ಕೂರಲಿ,” ಎಂದುಬಿಟ್ಟರು. ತಾವು ಹಿಂದಿನ ಸೀಟಿಗೆ ಹತ್ತಿದರು. ಯಂಕಮ್ಮ ಬಲಗಡೆ ಹೋಗಿ ಕೂತಳು. ಇನ್ನು ತಾನು ಪಾಸಾದರೂ ಯಾರು ಪಾಸಾದರೆಂದು ತನಗೇ ಗೊತ್ತಾಗುವುದಿಲ್ಲ.

ಮಾರೆಣ್ಣ ಎಡಗಡೆಯ ಬಾಗಿಲು ತೆಗೆದ. ಚಪ್ಪಲಿಯನ್ನು ಹೊರಗೇ ಬಿಟ್ಟ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಒಳಗೆ ಕೂತು, ಅಮ್ಮಾ ಅಪ್ಪಾ ಎನ್ನುತ್ತ ಒಂದೊಂದೇ ಮೊಣಕಾಲನ್ನು ಕೈಯಿಂದ ಎತ್ತಿ ಮಡಚಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡ. ಅಷ್ಟು ಇಕ್ಕಟ್ಟಿನಲ್ಲಿ ಅರವತ್ತಮೂರರ ಮನುಷ್ಯ ಹಾಗೆ ಕೂರುವುದು ಸುಲಭವಲ್ಲ. ಒಂದು ಮಂಡಿ ಬಾಗಿಲಿಗೆ, ಇನ್ನೊಂದು ಗೇರಿಗೆ ತಾಗುತ್ತಿತ್ತು. ಗೇರಿನ ಕಡೆಯದನ್ನು ಎರಡೂ ಕೈಯಿಂದ ತನ್ನ ಕಡೆ ಎಳೆದು ಹಿಡಿದುಕೊಂಡ.

“ಏನ್ರೀ ಮಾಸ್ಟ್ರೇ, ಊಟಕ್ಕೆ ಕೂತಿದ್ದೀರಾ?” ಎಂದರು ಇನ್ಸ್‌ಪೆಕ್ಟರು.

“ಹೂಂ ಸಾರ್. ಇವತ್ತು ಅಕಿ ಬಡಿಸ್ತಾಳ,” ಎಂದ ಮಾರೆಣ್ಣ.

ಯಂಕಮ್ಮನ ಕಣ್ಣು ತುಂಬಿಬಂತು. ಈ ಗಾಡಿ ಅವನ ಪ್ರಾಣ. ಅದನ್ನು ಉಳಿಸಿಕೊಳ್ಳುವ ಪೆಡಲ್ಲು ಒಂದು ಮೊಳ ದೂರದಲ್ಲಿತ್ತು, ಅವನು ತನ್ನ ಕಾಲನ್ನು ತಾನೇ ಕಟ್ಟಿಹಾಕಿ ಕೂತಿದ್ದ. ಗಂಡ ತನಗೆ ಸೀರೆ ತಂದುಕೊಟ್ಟಿದ್ದಾನೆ, ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತಿದ್ದಾನೆ, ಇಷ್ಟು ದೊಡ್ಡದನ್ನು ಎಂದೂ ಕೊಟ್ಟಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಇಂಜಿನ್ ಹಚ್ಚಿದಳು.

ಎಂಟರ ಆಕಾರದಲ್ಲಿ ಸುತ್ತುವುದು ಆಯಿತು, ಹಿಂದಕ್ಕೆ ತೆಗೆಯುವುದು ಆಯಿತು. ಏರಿನ ನಡುವೆ ನಿಲ್ಲಿಸಿ ಎಂದರು. ನಿಲ್ಲಿಸಿದಳು, ಹಿಮ್ಮಡಿ ಊರಿ, ಪಂಜ ತಿರುಗಿಸಿ. ಹೊರಡಿ ಎಂದರು. ಕ್ಲಚ್ ಬಿಡುವಾಗ ಬೆವರಿದ ಪಾದ ಒಂಚೂರು ಜಾರಿತು. ಗಾಡಿ ಹಿಂದಕ್ಕೆ ಸರಿಯುವ ಹಾಗೆ ಒಮ್ಮೆ ತೂಗಿತು. ಪಕ್ಕದಲ್ಲಿ ಮಾರೆಣ್ಣನ ಬಲಗಾಲು ಮಡಿಲಲ್ಲೇ ಜಿಗಿಯಿತು; ಅವನು ಅದರ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡ. ಯಂಕಮ್ಮ ಬ್ರೇಕ್ ಒತ್ತಿದಳು. ಗಾಡಿ ಕದಲದೆ ನಿಂತಿತು. ಅವಳು ಒಂದು ಉಸಿರು ತೆಗೆದುಕೊಂಡಳು. ದಪ್ಪ ಬಟ್ಟೆ ನಾಲ್ಕು ಪದರ ಸೇರುವ ಕಡೆ ಸೂಜಿ ಮುರಿಯದಂತೆ ನಡೆಸುವ ಹಾಗೆ ಎಡಗಾಲಿನಿಂದ ಕ್ಲಚ್ ಬಿಡುತ್ತ ಬಂದಳು. ಇಂಜಿನ್ ಹಿಡಿದುಕೊಂಡದ್ದು ಪಾದಕ್ಕೆ ತಿಳಿಯಿತು. ಬ್ರೇಕ್ ಬಿಟ್ಟಳು. ಝೆನ್ ಮುಂದಕ್ಕೇ ಹೋಯಿತು.

“ಆಯ್ತಮ್ಮ,” ಎಂದು ಇನ್ಸ್‌ಪೆಕ್ಟರು ಹಾಳೆಯ ಮೇಲೆ ಗುರುತು ಹಾಕಿದರು. “ಪಾಸು. ಮಾಸ್ಟ್ರೇ, ಕಾಲು ಇಳಿಸ್ಬಹುದು ಇನ್ನು.”

ಮಾರೆಣ್ಣನಿಗೆ ಕಾಲು ಇಳಿಸಲು ಆಗಲಿಲ್ಲ. ಜೋಮು ಹಿಡಿದಿತ್ತು. ಯಂಕಮ್ಮನೇ ಸುತ್ತಿ ಬಂದು, ಒಂದೊಂದಾಗಿ ಬಿಡಿಸಿ, ತಿಕ್ಕಿ, ಕೆಳಗಿಟ್ಟಳು. ಮೈದಾನದಲ್ಲಿದ್ದ ಮಂದಿಯೆಲ್ಲ ನೋಡುತ್ತಿದ್ದರು. ನೋಡಲಿ ಎಂದುಕೊಂಡಳು.

ಹೇಮಾ ಆಸ್ಪತ್ರೆಯ ಬಟ್ಟೆಯಲ್ಲೇ ಓಡಿಬಂದು ಅವ್ವನನ್ನು ತಬ್ಬಿಕೊಂಡು, ಮೆಕ್ಯಾನಿಕ್ಕನಿಗೆ ಬೇಡ ಎಂದು ಅಲ್ಲೇ ಫೋನ್ ಮಾಡಿದಳು. ಕೌಲ್ ಬಜಾರಿನಲ್ಲಿ ಊಟ ಮಾಡಿ ಇಬ್ಬರೂ ಮೂರು ಗಂಟೆಗೆ ಹೊರಟರು. ಮಾರೆಣ್ಣ ಊರು ದಾಟುವತನಕ ಎಡಗಡೆ ಆಟೋ, ಬಲಗಡೆ ಬಸ್ ಎಂದು ಹೇಳುತ್ತಿದ್ದ. ಮಸುಕಿನಲ್ಲಿ ಅರ್ಧ ಊಹೆ, ಅರ್ಧ ತಪ್ಪು. ಯಂಕಮ್ಮ ಎಲ್ಲಕ್ಕೂ ಹೂಂ ಎನ್ನುತ್ತಿದ್ದಳು. ಕುರುಗೋಡಿನ ದಾರಿಗೆ ಹೊರಳಿದ ಮೇಲೆ ಅವನ ಮಾತು ವಿರಳವಾಯಿತು. ಗುಡ್ಡ ಹಿಂದಾಯಿತು, ಭತ್ತದ ಗದ್ದೆಗಳು ಶುರುವಾದವು. ಮುಂದೆ ಎಮ್ಮೆಗಳ ಹಿಂಡು ಬಂದಾಗ, ಎಮ್ಮಿ ಅದಾವ ನೋಡ್ರಿ ಎಂದಳು. ಉತ್ತರ ಬರಲಿಲ್ಲ.

ತಿರುಗಿ ನೋಡಿದರೆ ಮಾರೆಣ್ಣ ನಿದ್ದೆ ಹೋಗಿದ್ದ. ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಇಪ್ಪತ್ತೆಂಟು ವರ್ಷ ಆ ಸೀಟಿನಲ್ಲಿ ಒಂದು ಸಲವೂ ತೂಕಡಿಸಿದವನಲ್ಲ. ತೂಕಡಿಸುವ ಹಾಗಿರಲಿಲ್ಲ, ಪಕ್ಕದಲ್ಲಿದ್ದವರ ಜೀವ ಅವನ ಕಾಲಲ್ಲಿತ್ತು. ಈಗ ಆ ಕಾಲು ಪೆಡಲ್ಲಿನ ಪಕ್ಕದಲ್ಲಿ ಹಾಗೇ ಸೋತು ಬಿದ್ದಿತ್ತು. ಯಂಕಮ್ಮ ಎಮ್ಮೆಗಳ ಹಿಂದೆ, ಅವನಿಗೆ ಎಚ್ಚರವಾಗದ ಹಾಗೆ, ಬೆಣ್ಣೆ ಒತ್ತಿದಷ್ಟು ಮೆಲ್ಲಗೆ ಬ್ರೇಕ್ ಒತ್ತಿದಳು. ಎಮ್ಮೆಗಳು ದಾಟಿದವು. ಅವನಿಗೆ ಎಚ್ಚರವಾಗಲಿಲ್ಲ.

ಸಿರುಗುಪ್ಪ ಬಂತು, ಅಕ್ಕಿ ಗಿರಣಿ ಬಂತು, ತಮ್ಮ ಓಣಿ ಬಂತು, ಮನೆಯೂ ಬಂತು. ಅವನು ಇನ್ನೂ ಗೊರಕೆ ಹೊಡೆಯುತ್ತ ಮಲಗಿದ್ದ. ಯಂಕಮ್ಮ ಗಾಡಿಯನ್ನು ನಿಧಾನ ಮಾಡಿ ಒಮ್ಮೆ ಬಾಗಿಲ ಕಡೆ ನೋಡಿದಳು, ಒಮ್ಮೆ ಗಂಡನ ಕಡೆ ನೋಡಿದಳು. ನಿಲ್ಲಿಸಲಿಲ್ಲ. ಮನೆ ದಾಟಿ, ಕಾಲುವೆ ರಸ್ತೆ ಹಿಡಿದು, ಗಾಡಿಯನ್ನು ಮುಂದಕ್ಕೆ ಬಿಟ್ಟಳು.